ಗೆರೆ ಒಲಿಯದ ಹುಡುಗನ ಕೈ ಹಿಡಿದ ಗಣಿತ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೇಷ್ಟರ ಮನೆಯ ಜಗಲಿಗೆ ಬಿಡುವಿರುವುದಿಲ್ಲ. ಬಂದ ತಂದೆ ತಾಯಿಯರ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: 'ಸೈನ್ಸ್ ಕೊಡಿಸೋಣವೋ, ಆರ್ಟ್ಸ್ ಕೊಡಿಸೋಣವೋ, ಹೇಳಿ ಸಾರ್.' ಲೆಕ್ಕ ಬಲ್ಲವರದು ಒಂದು ಕುಲ, ಚಿತ್ರ ಬಲ್ಲವರದು ಇನ್ನೊಂದು ಕುಲ, ಎರಡರ ನಡುವೆ ಕೊಡುಕೊಳ್ಳುವ ಸಂಬಂಧವಿಲ್ಲ ಎಂಬ ನಂಬಿಕೆ ಈ ಪ್ರಶ್ನೆಯ ಒಳಗೆ ಕೂತಿದೆ. ತಮಾಷೆಯೆಂದರೆ ಪಿಯುಸಿಯ ಆರ್ಟ್ಸ್‌ನಲ್ಲಿ ಸಿಗುವುದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಅಲ್ಲಿ ಕುಂಚವೂ ಇಲ್ಲ, ಬಣ್ಣವೂ ಇಲ್ಲ. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆನೆ, ಕುದುರೆ ಬರೆಯುವ ಹುಡುಗನಿಗೆ ಎರಡು ಕಡೆಯೂ ಬಾಗಿಲು ಮುಚ್ಚಿದಂತೆ ಕಾಣುತ್ತದೆ.

ಹೀಗೆ ಬಾಗಿಲು ಮುಚ್ಚಿದ್ದನ್ನು ಕಂಡ ಹುಡುಗನೊಬ್ಬ ಅಮೆರಿಕದಲ್ಲೂ ಇದ್ದ. ಚಿತ್ರಗಾರನಾಗಬೇಕೆಂದು ಹೊರಟು, ಅದಾಗದು ಎನಿಸಿ ಭೌತಶಾಸ್ತ್ರ ಓದಿ, ಕಂಪ್ಯೂಟರ್ ಕಲಿತು, ಕೊನೆಗೆ ಸುತ್ತು ದಾರಿಯಿಂದ ತನ್ನ ಮೊದಲಿನ ಆಸೆಯ ಮನೆಗೇ ಬಂದು ಸೇರಿದ. ಅವರ ಹೆಸರು ಎಡ್ವಿನ್ ಕ್ಯಾಟ್‌ಮಲ್. 'ಟಾಯ್ ಸ್ಟೋರಿ' ಚಿತ್ರ ನೋಡಿದ ಮಕ್ಕಳಿಗೆ ಈ ಹೆಸರು ಗೊತ್ತಿರಲಾರದು. ಆದರೆ ಕಂಪ್ಯೂಟರ್ ತೆರೆಯ ಮೇಲೆ ಕುಣಿಯುವ ಯಾವ ಬೊಂಬೆಯ ಹಿಂದೆ ನೋಡಿದರೂ ಇವರ ಲೆಕ್ಕದ ಗುರುತು ಸಿಗುತ್ತದೆ.

ಇಬ್ಬರು ಆರಾಧ್ಯರು

ಕ್ಯಾಟ್‌ಮಲ್ ಹುಟ್ಟಿದ್ದು 1945ರ ಮಾರ್ಚ್ 31ರಂದು. ಬೆಳೆದದ್ದು ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಸಿಟಿಯಲ್ಲಿ. ತಂದೆ ಶಾಲಾ ಶಿಕ್ಷಕ. ಐವರು ಮಕ್ಕಳಲ್ಲಿ ಈತನೇ ಹಿರಿಯ. ಹುಡುಗನಿಗೆ ಇಬ್ಬರು ಆರಾಧ್ಯರು. ಒಬ್ಬರು ವಾಲ್ಟ್ ಡಿಸ್ನಿ, ಇನ್ನೊಬ್ಬರು ಆಲ್ಬರ್ಟ್ ಐನ್‌ಸ್ಟೈನ್. ಒಬ್ಬರು ಇಲ್ಲದ ಲೋಕವನ್ನು ಕಟ್ಟಿ ತೋರಿಸಿದವರು, ಇನ್ನೊಬ್ಬರು ಇರುವ ಲೋಕವನ್ನು ಬಿಡಿಸಿ ತೋರಿಸಿದವರು. ಟಿ.ವಿ.ಯಲ್ಲಿ ಡಿಸ್ನಿ ಕಾರ್ಯಕ್ರಮ ಬರುವಾಗ ಹುಡುಗ ಕಣ್ಣು ಕೀಳುತ್ತಿರಲಿಲ್ಲ. ಕಾಗದದ ತುಂಡುಗಳ ಮೇಲೆ ಒಂದರ ಹಿಂದೊಂದು ಚಿತ್ರ ಬರೆದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟು, ಚಿತ್ರ ಚಲಿಸುವುದನ್ನು ನೋಡಿ ಹಿಗ್ಗುತ್ತಿದ್ದ.

ಹೈಸ್ಕೂಲು ಮುಗಿಯುವ ಹೊತ್ತಿಗೆ ಒಂದು ಕಹಿ ಸತ್ಯ ಎದುರಾಯಿತು. ತಾನು ತಕ್ಕಮಟ್ಟಿಗೆ ಚಿತ್ರ ಬರೆಯಬಲ್ಲೆ, ಆದರೆ ಡಿಸ್ನಿ ಸ್ಟುಡಿಯೋದ ಕಲಾವಿದರ ಕೈ ತನಗಿಲ್ಲ. ಅಲ್ಲಿಗೆ ಹೋಗುವ ದಾರಿ ಯಾವುದೆಂಬುದೂ ಕಾಣುತ್ತಿಲ್ಲ. ವಿಜ್ಞಾನಿಯಾಗುವ ದಾರಿಯಾದರೋ ಎದುರಿಗೇ ಇತ್ತು: ಕಾಲೇಜು, ಪದವಿ, ಸಂಶೋಧನೆ. ಹುಡುಗ ಯೂಟಾ ವಿಶ್ವವಿದ್ಯಾಲಯಕ್ಕೆ ಸೇರಿ ಭೌತಶಾಸ್ತ್ರ ಹಿಡಿದ. ಆಗಿನ್ನೂ ಹೊಸದಾಗಿದ್ದ ಕಂಪ್ಯೂಟರ್ ವಿಜ್ಞಾನವನ್ನೂ ಜೊತೆಗೆ ಓದಿ, 1969ರಲ್ಲಿ ಎರಡರಲ್ಲೂ ಪದವಿ ಪಡೆದ. ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಕಂಪನಿ ಸಾವಿರಾರು ಜನರನ್ನು ಮನೆಗೆ ಕಳಿಸಿದಾಗ ಈ ತರುಣನ ಕೆಲಸವೂ ಹೋಯಿತು. 1970ರಲ್ಲಿ ಹಳೆಯ ವಿಶ್ವವಿದ್ಯಾಲಯಕ್ಕೇ ಹಿಂತಿರುಗಿದ. ಕೆಲಸ ಹೋಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೇನೋ!

ಯೂಟಾದ ಗರಡಿಮನೆ

ಆ ವರ್ಷಗಳಲ್ಲಿ ಯೂಟಾದ ಕಂಪ್ಯೂಟರ್ ವಿಭಾಗ ಒಂದು ಗರಡಿಮನೆಯಂತಿತ್ತು. ಡೇವಿಡ್ ಇವಾನ್ಸ್ ಅದರ ಯಜಮಾನರು. ಅವರ ಕರೆಗೆ ಓಗೊಟ್ಟು 1968ರಲ್ಲಿ ಬಂದವರು ಐವಾನ್ ಸದರ್ಲೆಂಡ್. ಈ ಸದರ್ಲೆಂಡ್ 1963ರಲ್ಲೇ 'ಸ್ಕೆಚ್‌ಪ್ಯಾಡ್' ಎಂಬ ಕ್ರಮವಿಧಿ ರಚಿಸಿ, ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ನೇರವಾಗಿ ಚಿತ್ರ ಬರೆಯಬಹುದೆಂದು ತೋರಿಸಿದ್ದರು. ಕಂಪ್ಯೂಟರ್ ಎಂದರೆ ಅಂಕಿಗಳನ್ನು ಕೂಡಿ ಕಳೆಯುವ ಯಂತ್ರವೆಂದೇ ಜಗತ್ತು ತಿಳಿದಿದ್ದ ಕಾಲವದು.

ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಹಣ ಅಲ್ಲಿಗೆ ಹರಿದು ಬರುತ್ತಿತ್ತು. ಇಂಟರ್‌ನೆಟ್‌ಗೆ ಮೂಲವಾದ 'ಅರ್ಪಾನೆಟ್' ಜಾಲವು 1969ರಲ್ಲಿ ಜೋಡಿಸಿದ ಮೊದಲ ನಾಲ್ಕು ಕೇಂದ್ರಗಳಲ್ಲಿ ಯೂಟಾ ಕೂಡ ಒಂದು. ಅಲ್ಲಿನ ವಿದ್ಯಾರ್ಥಿಗಳ ಪಟ್ಟಿಯನ್ನು ಈಗ ಓದಿದರೆ ಬೆರಗಾಗುತ್ತದೆ. ಮುಂದೆ ಅಡೋಬಿ ಕಂಪನಿ ಕಟ್ಟಿದ ಜಾನ್ ವಾರ್ನಾಕ್, ಸಿಲಿಕಾನ್ ಗ್ರಾಫಿಕ್ಸ್ ಮತ್ತು ನೆಟ್‌ಸ್ಕೇಪ್ ಕಟ್ಟಿದ ಜಿಮ್ ಕ್ಲಾರ್ಕ್, ವೈಯಕ್ತಿಕ ಕಂಪ್ಯೂಟರಿನ ಕನಸು ಕಂಡ ಅಲನ್ ಕೇ, ಇವರೆಲ್ಲ ಅಲ್ಲಿಯವರೇ. ಚಿತ್ರಕಲೆಯಿಂದ ದೂರ ಬಂದೆನೆಂದುಕೊಂಡಿದ್ದ ಕ್ಯಾಟ್‌ಮಲ್‌ಗೆ ಇಲ್ಲಿ ಹೊಸ ಪೆನ್ಸಿಲ್ ಸಿಕ್ಕಿತು. ಅದನ್ನು ಹಿಡಿಯಲು ಬೇಕಾದದ್ದು ನುರಿತ ಬೆರಳಲ್ಲ, ಬೀಜಗಣಿತ.

ಪ್ಲಾಸ್ಟರಿನ ಎಡಗೈ

1972ರಲ್ಲಿ ಒಂದು ತರಗತಿಯ ಅಭ್ಯಾಸಕ್ಕಾಗಿ ಕ್ಯಾಟ್‌ಮಲ್ ಆರಿಸಿಕೊಂಡ ವಸ್ತು ತಮ್ಮದೇ ಎಡಗೈ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೈಯ ಅಚ್ಚು ತೆಗೆದರು. ಮೊದಲೇ ವ್ಯಾಸಲೀನ್ ಹಚ್ಚಿಕೊಳ್ಳಲು ಮರೆತಿದ್ದರಿಂದ ಅಚ್ಚಿನೊಂದಿಗೆ ಕೈಯ ಮೇಲಿನ ಕೂದಲೂ ಕಿತ್ತು ಬಂದವಂತೆ! ಆ ಅಚ್ಚಿನಿಂದ ಮಾಡಿದ ಕೈಯ ಪ್ರತಿಕೃತಿಯ ಮೇಲೆ ಶಾಯಿಯಲ್ಲಿ ಸುಮಾರು 350 ಸಣ್ಣ ತ್ರಿಕೋನ, ಬಹುಭುಜಗಳನ್ನು ಗೆರೆ ಹಾಕಿದರು.

ಏಕೆ ಈ ತ್ರಿಕೋನಗಳು? ನಮ್ಮ ಮನೆಯ ಮುಂದಿನ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಮೊದಲು ಲೆಕ್ಕ ಹಾಕಿ ಚುಕ್ಕಿ ಇಡಬೇಕು, ಆಮೇಲೆ ಗೆರೆ ಎಳೆಯಬೇಕು. ಚುಕ್ಕಿ ಎಲ್ಲಿದೆ ಎಂದು ಹೇಳಲು ನೆಲದ ಮೇಲೆ ಎರಡು ಸಂಖ್ಯೆ ಸಾಕು: ಈ ಮೂಲೆಯಿಂದ ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು. ಕೈಯಂಥ ಉಬ್ಬುತಗ್ಗಿನ ವಸ್ತುವಿಗೆ ಎತ್ತರವೂ ಸೇರಿ ಮೂರು ಸಂಖ್ಯೆ ಬೇಕು. ಪ್ರತಿಯೊಂದು ಮೂಲೆಯನ್ನೂ ಅಳೆದು, ಮೂರು ಮೂರು ಸಂಖ್ಯೆಗಳಾಗಿ ಕಂಪ್ಯೂಟರಿಗೆ ತುಂಬಿದರೆ ಅದರೊಳಗೆ ಒಂದು ಕೈ ಹುಟ್ಟಿತು. ಇನ್ನು ಆ ಕೈಯನ್ನು ತಿರುಗಿಸಬೇಕೆಂದರೆ ಹೊಸ ಚಿತ್ರ ಬರೆಯಬೇಕಿಲ್ಲ. ಸೈನ್, ಕೊಸೈನ್ ಸೂತ್ರ ಹಾಕಿ ಸಂಖ್ಯೆಗಳನ್ನು ಬದಲಿಸಿದರೆ ಕೈ ತಾನಾಗಿಯೇ ತಿರುಗುತ್ತದೆ. 'ಈ ತ್ರಿಕೋನಮಿತಿ ಕಲಿತು ನಮಗೇನಾಗಬೇಕು?' ಎಂದು ಹಿಂದಿನ ಬೆಂಚಿನಿಂದ ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ತಿಳಿದಿಲ್ಲ.

ತ್ರಿಕೋನಗಳಿಂದ ಕಟ್ಟಿದ ಕೈ ಮೊದಮೊದಲು ಸಾಣೆ ಹಿಡಿಯದ ಕಲ್ಲಿನಂತೆ ಮೂಲೆಮೂಲೆಯಾಗಿ ಕಾಣುತ್ತಿತ್ತು. ಅದೇ ವಿಭಾಗದಲ್ಲಿ ಆಂರಿ ಗೂರೋ ಎಂಬ ಫ್ರೆಂಚ್ ವಿದ್ಯಾರ್ಥಿ 1971ರಲ್ಲಿ ಇದಕ್ಕೊಂದು ಮದ್ದು ಕಂಡುಹಿಡಿದಿದ್ದ. ತ್ರಿಕೋನದ ಮೂಲೆಗಳಲ್ಲಿ ಮಾತ್ರ ಬೆಳಕಿನ ಪ್ರಮಾಣವನ್ನು ಲೆಕ್ಕ ಹಾಕಿ, ನಡುವಿನ ಜಾಗದಲ್ಲಿ ಅದು ಮೆಲ್ಲಮೆಲ್ಲನೆ ಬದಲಾಗುವಂತೆ ತುಂಬುವುದು. ಆಗ ಮೂಲೆ ಮರೆಯಾಗಿ ಮೈ ನುಣುಪಾಗುತ್ತದೆ. ತೆರೆಯ ಮೇಲೆ ಮೂಡಿದ ಒಂದೊಂದೇ ಚಿತ್ರದ ಫೋಟೋ ತೆಗೆದು ಪೋಣಿಸಿದಾಗ ಸಣ್ಣದೊಂದು ಚಲನಚಿತ್ರ ಸಿದ್ಧವಾಯಿತು. ಅದರಲ್ಲಿ ಕೈ ತಿರುಗುತ್ತದೆ, ಮುಷ್ಟಿ ಬಿಗಿಯುತ್ತದೆ, ಬೆರಳು ನೋಡುಗರತ್ತ ಚಾಚುತ್ತದೆ. ಕೊನೆಗೆ ಕ್ಯಾಮೆರಾ ಕೈಯ ಒಳಕ್ಕೇ ಹೊಕ್ಕು ಟೊಳ್ಳಾದ ಬೆರಳುಗಳನ್ನು ತೋರಿಸುತ್ತದೆ. ಸಹಪಾಠಿ ಫ್ರೆಡ್ ಪಾರ್ಕ್ ಇದೇ ಬಗೆಯಲ್ಲಿ ಮನುಷ್ಯನ ಮುಖ ಮಾಡಿದ. 1976ರಲ್ಲಿ ಹಾಲಿವುಡ್ಡಿನ 'ಫ್ಯೂಚರ್‌ವರ್ಲ್ಡ್' ಚಿತ್ರದಲ್ಲಿ ಈ ಕೈ ಕಾಣಿಸಿಕೊಂಡಿತು. 2011ರಲ್ಲಿ ಅಮೆರಿಕ ಸರ್ಕಾರ, ಕಾಪಾಡಿಕೊಳ್ಳಬೇಕಾದ ಚಲನಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಇದನ್ನು ಸೇರಿಸಿತು. ಒಬ್ಬ ವಿದ್ಯಾರ್ಥಿಯ ಹೋಂವರ್ಕಿಗೆ ಇದಕ್ಕಿಂತ ದೊಡ್ಡ ಅಂಕ ಇನ್ನೇನಿದ್ದೀತು?

ಮೂರು ಉಪಾಯಗಳು

ಕೈ ಮಾಡಿದ್ದಾಯಿತು. ಆದರೆ ಕಥೆ ಹೇಳಲು ಕೈಯೊಂದೇ ಸಾಲದು. ಕ್ಯಾಟ್‌ಮಲ್ 1974ರಲ್ಲಿ ಡಾಕ್ಟರೇಟ್ ಪಡೆದದ್ದು ಬಾಗಿದ ಮೈಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ವಿಧಾನಕ್ಕೆ. ಆ ಸಂಶೋಧನೆಯ ಸುತ್ತ ಮೂಡಿಬಂದ ಮೂರು ಉಪಾಯಗಳನ್ನು ಸರಳವಾಗಿ ನೋಡೋಣ.

ಮೊದಲನೆಯದು, ಯಾವುದು ಮುಂದೆ ಯಾವುದು ಹಿಂದೆ ಎಂಬ ಪ್ರಶ್ನೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಮುಂದೆ ನಿಂತವನು ಹಿಂದಿನವನನ್ನು ಮರೆಮಾಡುತ್ತಾನೆ. ಇದು ನಮ್ಮ ಕಣ್ಣಿಗೆ ಸಹಜ. ಕಂಪ್ಯೂಟರಿಗೆ ಕಣ್ಣಿಲ್ಲ. ಕ್ಯಾಟ್‌ಮಲ್ ಮಾಡಿದ್ದಿಷ್ಟೆ: ತೆರೆಯ ಪ್ರತಿಯೊಂದು ಚುಕ್ಕಿಗೂ ಬಣ್ಣದ ಜೊತೆಗೆ ದೂರವನ್ನೂ ಬರೆದಿಡುವುದು. ಹೊಸ ವಸ್ತುವೊಂದು ಆ ಚುಕ್ಕಿಗೆ ಬಂದಾಗ ಅದರ ದೂರವನ್ನು ಬರೆದಿಟ್ಟ ದೂರದೊಂದಿಗೆ ಹೋಲಿಸಬೇಕು. ಹತ್ತಿರದ್ದಾದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆ, ದೂರದ್ದಾದರೆ ಬಿಟ್ಟುಬಿಡು. ಇದರ ಹೆಸರು 'ಝಡ್ ಬಫರ್'. ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ಸ್ಟ್ರಾಸರ್ ಎಂಬವರೂ ಅದೇ ವರ್ಷ ಇದೇ ಉಪಾಯವನ್ನು ಬೇರೆಯಾಗಿ ಕಂಡುಕೊಂಡರು. ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿಗಳ ತೆರೆಗೆ 2,62,144 ದೂರಗಳನ್ನು ನೆನಪಿಡಬೇಕು. ಅಂದಿನ ಕಂಪ್ಯೂಟರುಗಳ ದುಬಾರಿ ನೆನಪಿಗೆ ಇದು ದುಂದುವೆಚ್ಚವೇ. ಇಂದು ಮೊಮ್ಮಕ್ಕಳು ಮೊಬೈಲಿನಲ್ಲಿ ಆಡುವ ಕಾರು ಓಟದ ಆಟದಲ್ಲೂ ಇದೇ ಲೆಕ್ಕ ಕ್ಷಣಕ್ಷಣಕ್ಕೂ ನಡೆಯುತ್ತಿರುತ್ತದೆ.

ಎರಡನೆಯದು, ಮೈಗೆ ಚಿತ್ರ ಹೊದಿಸುವುದು. ನಮ್ಮ ಶಾಲೆಗಳಲ್ಲಿರುವ ಭೂಗೋಳದ ಗುಂಡನ್ನು ಗಮನಿಸಿ. ಕಾಗದದ ಮೇಲೆ ಅಚ್ಚಾದ ನಕ್ಷೆಯನ್ನು ಗುಂಡಿನ ಮೇಲೆ ಅಂಟಿಸಿರುತ್ತಾರೆ. ಒಂದೊಂದೇ ದೇಶವನ್ನು ಗುಂಡಿನ ಮೇಲೆ ಕೆತ್ತಬೇಕಾಗಿಲ್ಲ. ಹಾಗೆಯೇ ಮರದ ಗೆರೆ, ಇಟ್ಟಿಗೆ, ಬಟ್ಟೆಯ ನೇಯ್ಗೆಗಳ ಚಿತ್ರವನ್ನು ಲೆಕ್ಕದ ಮೂಲಕ ಬಾಗಿದ ಮೈಗೆ ಸುತ್ತಬಹುದು. 'ಟೆಕ್ಸ್‌ಚರ್ ಮ್ಯಾಪಿಂಗ್' ಎಂದರೆ ಇದೇ.

ಮೂರನೆಯದು ಬಡಗಿಯ ಉಪಾಯ. ಚೌಕ ಮರದ ತುಂಡಿನಿಂದ ಬುಗುರಿ ಕೆತ್ತುವವನು ಮೊದಲು ನಾಲ್ಕು ಮೂಲೆ ಹೊಡೆಯುತ್ತಾನೆ. ಆಗ ಎಂಟು ಸಣ್ಣ ಮೂಲೆ ಹುಟ್ಟುತ್ತವೆ. ಅವನ್ನೂ ಹೊಡೆಯುತ್ತಾನೆ. ಹೊಡೆಯುತ್ತ ಹೊಡೆಯುತ್ತ ತುಂಡು ಗುಂಡಗಾಗುತ್ತದೆ. ಒರಟಾದ ಆಕೃತಿಯನ್ನು ಮತ್ತೆ ಮತ್ತೆ ಸಣ್ಣ ಭಾಗಗಳಾಗಿ ಒಡೆದು ನುಣುಪುಗೊಳಿಸುವ ಸೂತ್ರವೊಂದನ್ನು ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತು ವರ್ಷಗಳ ಮೇಲೆ, 1997ರ 'ಗೆರೀಸ್ ಗೇಮ್' ಎಂಬ ಕಿರುಚಿತ್ರದಲ್ಲಿ ಒಬ್ಬಂಟಿ ಮುದುಕ ತನ್ನೊಂದಿಗೆ ತಾನೇ ಚದುರಂಗವಾಡುವಾಗ, ಅವನ ಸುಕ್ಕು ಚರ್ಮಕ್ಕೂ ಕೋಟಿನ ಮಡಿಕೆಗೂ ಜೀವ ತಂದದ್ದು ಈ ಉಪಾಯವೇ.

ಇಪ್ಪತ್ತು ವರ್ಷಗಳ ದಾರಿ

ಇಷ್ಟೆಲ್ಲ ಬಲ್ಲ ತರುಣನನ್ನು ಸ್ಟುಡಿಯೋದವರು ಆರತಿ ಎತ್ತಿ ಬರಮಾಡಿಕೊಂಡಿರಬೇಕು ಎಂದುಕೊಂಡಿರಾ? ಆಗಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಸದರ್ಲೆಂಡ್ ಅವರು ಕ್ಯಾಟ್‌ಮಲ್‌ರನ್ನು ಡಿಸ್ನಿ ಸ್ಟುಡಿಯೋಗೆ ಕಳಿಸಿದ್ದರು. ಬಾಲ್ಯದ ದೇವಸ್ಥಾನವದು. ಅಲ್ಲಿಯವರಿಗೆ ಕಂಪ್ಯೂಟರ್ ಚಿತ್ರದಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವರ ಮನೋರಂಜನಾ ಉದ್ಯಾನದ ಹೊಸ ಆಟವೊಂದರ ವಿನ್ಯಾಸಕ್ಕೆ ಸಹಾಯ ಮಾಡುವೆಯಾ ಎಂದು ಕೇಳಿದರು. ಕ್ಯಾಟ್‌ಮಲ್ ಒಲ್ಲೆನೆಂದು ವಾಪಸಾದರು.

1974ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಅಲೆಕ್ಸಾಂಡರ್ ಶೂರ್ ಎಂಬ ಸಿರಿವಂತರು ತಮ್ಮ ವಿದ್ಯಾಸಂಸ್ಥೆಯಲ್ಲಿ ಪ್ರಯೋಗಾಲಯ ತೆರೆದು ಇವರನ್ನು ಕರೆದರು. ಯಂತ್ರಗಳಿಗೆ ಕೊರತೆಯಿರಲಿಲ್ಲ. ಆದರೆ ಅದೇ ಶೂರ್ ಅವರು ಸಾಂಪ್ರದಾಯಿಕ ಕ್ರಮದಲ್ಲಿ ತಯಾರಿಸಿದ ಕಾರ್ಟೂನ್ ಚಿತ್ರ 'ಟಬ್ಬಿ ದ ಟ್ಯೂಬಾ' ನೀರಸವಾಗಿತ್ತು. ಹಣವೂ ಸಲಕರಣೆಯೂ ಇದ್ದ ಮಾತ್ರಕ್ಕೆ ಕಥೆ ಹುಟ್ಟುವುದಿಲ್ಲ ಎಂಬ ಪಾಠ ಅಲ್ಲಿ ಸಿಕ್ಕಿತು. 1979ರಲ್ಲಿ 'ಸ್ಟಾರ್ ವಾರ್ಸ್' ಖ್ಯಾತಿಯ ಜಾರ್ಜ್ ಲ್ಯೂಕಸ್ ಕರೆದರು. ಅಲ್ಲಿಗೆ ಬಂದು ಸೇರಿದವರು, ಡಿಸ್ನಿ ಸಂಸ್ಥೆಯಿಂದ ಕೆಲಸ ಕಳೆದುಕೊಂಡಿದ್ದ ಚಿತ್ರಗಾರ ಜಾನ್ ಲ್ಯಾಸೆಟರ್. ಲೆಕ್ಕ ಬಲ್ಲವರ ನಡುವೆ ಗೆರೆ ಬಲ್ಲವನೊಬ್ಬ ಬಂದ.

1984ರ ಒಂದು ಘಟನೆ ಹೇಳಲೇಬೇಕು. ಕಂಪ್ಯೂಟರ್ ಚಿತ್ರಗಾರರ ವಾರ್ಷಿಕ ಸಮ್ಮೇಳನಕ್ಕಾಗಿ ಇವರು ಎರಡು ನಿಮಿಷದಷ್ಟು ಉದ್ದದ ಚಿತ್ರ ತಯಾರಿಸುತ್ತಿದ್ದರು. ಒಬ್ಬ ಪುಟ್ಟ ಮನುಷ್ಯ ಮತ್ತು ಒಂದು ದುಂಬಿಯ ಕಥೆ. ಸಮಯ ಸಾಲಲಿಲ್ಲ. ಕೆಲವು ಭಾಗಗಳು ಬಣ್ಣ ತುಂಬದೆ, ಬರೀ ತಂತಿಯ ಚೌಕಟ್ಟಿನಂಥ ಗೆರೆಗಳಾಗಿಯೇ ಉಳಿದವು. ನಾಚಿಕೆಯಿಂದಲೇ ಹಾಗೆಯೇ ತೋರಿಸಿದರು. ಆಮೇಲೆ ವಿಚಾರಿಸಿದರೆ, ನೋಡಿದವರಲ್ಲಿ ಬಹಳ ಮಂದಿ ಆ ಕೊರತೆಯನ್ನು ಗಮನಿಸಿಯೇ ಇರಲಿಲ್ಲ! ಕಥೆ ಹಿಡಿದಿಟ್ಟಿತ್ತು. ತಂತ್ರ ಎಷ್ಟೇ ದೊಡ್ಡದಾದರೂ ಅದು ಮದುವೆಯ ಚಪ್ಪರವಿದ್ದಂತೆ. ಜನ ಬರುವುದು ಮದುವೆಗೆ.

1986ರಲ್ಲಿ ಸ್ಟೀವ್ ಜಾಬ್ಸ್ ಐವತ್ತು ಲಕ್ಷ ಡಾಲರ್ ಕೊಟ್ಟು ಈ ತಂಡವನ್ನು ಕೊಂಡರು. 'ಪಿಕ್ಸಾರ್' ಸ್ವತಂತ್ರ ಕಂಪನಿಯಾಯಿತು. ಅದು ತಯಾರಿಸಿದ ದುಬಾರಿ ಕಂಪ್ಯೂಟರ್ ಸಾಕಷ್ಟು ಮಾರಾಟವಾಗಲಿಲ್ಲ. ವರ್ಷವರ್ಷವೂ ನಷ್ಟ. ಜಾಬ್ಸ್ ಕೈಯಿಂದ ಹಣ ಹಾಕುತ್ತಲೇ ಹೋದರು. ಅಂತೂ 1991ರಲ್ಲಿ ಡಿಸ್ನಿ ಸಂಸ್ಥೆಯೇ ಒಪ್ಪಂದಕ್ಕೆ ಬಂತು. 1995ರ ನವೆಂಬರ್ 22ರಂದು 'ಟಾಯ್ ಸ್ಟೋರಿ' ತೆರೆ ಕಂಡಿತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವದು. ಅವಧಿ 81 ನಿಮಿಷ. ಸೆಕೆಂಡಿಗೆ 24 ಚಿತ್ರದಂತೆ ನೀವೇ ಗುಣಿಸಿ ನೋಡಿ, ಒಂದು ಲಕ್ಷವನ್ನು ದಾಟುತ್ತದೆ. ಡಾಕ್ಟರೇಟ್ ಪಡೆದಾಗ ಹತ್ತು ವರ್ಷಗಳಲ್ಲಿ ಆದೀತೆಂದು ಕ್ಯಾಟ್‌ಮಲ್ ಎಣಿಸಿದ್ದ ಕೆಲಸಕ್ಕೆ ಇಪ್ಪತ್ತು ವರ್ಷಗಳಿಗೂ ಮೀರಿ ಹಿಡಿಯಿತು.

2006ರಲ್ಲಿ ಡಿಸ್ನಿ ಸಂಸ್ಥೆ ಪಿಕ್ಸಾರನ್ನು 740 ಕೋಟಿ ಡಾಲರಿಗೆ ಕೊಂಡಿತು. ಒಮ್ಮೆ ಬರಿಗೈಯಲ್ಲಿ ವಾಪಸಾಗಿದ್ದ ವಿದ್ಯಾರ್ಥಿ ಈಗ ಡಿಸ್ನಿಯ ಅನಿಮೇಷನ್ ಸ್ಟುಡಿಯೋಗೂ ಅಧ್ಯಕ್ಷರಾದರು. 2019ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ, ಅಂದರೆ ಕಂಪ್ಯೂಟರ್ ಲೋಕದ ನೊಬೆಲ್ ಎನಿಸಿದ ಗೌರವ, ಪ್ಯಾಟ್ ಹನ್ರಹನ್ ಅವರೊಂದಿಗೆ ಇವರಿಗೆ ಸಂದಿತು.

ಈ ಕಥೆಯಲ್ಲಿ ಕಪ್ಪು ಚುಕ್ಕೆ ಇಲ್ಲವೆಂದಲ್ಲ. ಒಬ್ಬರ ನೌಕರರನ್ನು ಇನ್ನೊಬ್ಬರು ಸೆಳೆಯಬಾರದೆಂದು ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸಂಬಳ ಏರದಂತೆ ತಡೆದವೆಂದು ಅನಿಮೇಷನ್ ಕಲಾವಿದರು ದಾವೆ ಹೂಡಿದರು. ಅದರ ದಾಖಲೆಗಳಲ್ಲಿ ಕ್ಯಾಟ್‌ಮಲ್ ಹೆಸರೂ ಇತ್ತು. 2017ರಲ್ಲಿ ಡಿಸ್ನಿ, ಪಿಕ್ಸಾರ್ ಮತ್ತು ಲ್ಯೂಕಸ್‌ಫಿಲ್ಮ್ ಸೇರಿ ಹತ್ತು ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಕಲೆಯನ್ನು ಪ್ರೀತಿಸುವುದು ಒಂದು, ಕಲಾವಿದನಿಗೆ ನ್ಯಾಯವಾದ ಕೂಲಿ ಕೊಡುವುದು ಇನ್ನೊಂದು. ಈ ವೃತ್ತಿಗೆ ಹೋಗುವ ಮಕ್ಕಳು ಎರಡನ್ನೂ ತಿಳಿದಿರಬೇಕು.

ಕಣ್ಣು ಮುಚ್ಚಿದರೆ ಕತ್ತಲೆ

ಈ ಕಥೆಯ ಅತ್ಯಂತ ಸೋಜಿಗದ ಸಂಗತಿ 2019ರಲ್ಲಿ ಹೊರಬಿತ್ತು. ನೀವು ಕಣ್ಣು ಮುಚ್ಚಿ ಒಂದು ಮಾವಿನ ಹಣ್ಣನ್ನು ನೆನೆಸಿಕೊಳ್ಳಿ. ಹಲವರಿಗೆ ಬಣ್ಣ, ಆಕಾರ ಮಸುಕಾಗಿಯಾದರೂ ಕಾಣುತ್ತದೆ. ಕ್ಯಾಟ್‌ಮಲ್ ಅವರಿಗೆ ಏನೂ ಕಾಣುವುದಿಲ್ಲವಂತೆ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಧ್ಯಾನದ ಅಭ್ಯಾಸದಲ್ಲಿ ಗೋಳವೊಂದನ್ನು ಮನಸ್ಸಿನಲ್ಲಿ ತಂದುಕೊಳ್ಳಲು ಹೇಳಿದಾಗ ಇದು ಅವರ ಅರಿವಿಗೆ ಬಂತು. ವಿಜ್ಞಾನಿಗಳು ಇದನ್ನು 'ಅಫ್ಯಾಂಟೇಸಿಯ' ಎನ್ನುತ್ತಾರೆ. ಇದು ರೋಗವಲ್ಲ, ಮನಸ್ಸುಗಳ ನಡುವಿನ ಒಂದು ವ್ಯತ್ಯಾಸ ಅಷ್ಟೆ. ಕುತೂಹಲದಿಂದ ಸಹೋದ್ಯೋಗಿಗಳನ್ನು ವಿಚಾರಿಸಿದಾಗ ಇನ್ನೂ ದೊಡ್ಡ ಅಚ್ಚರಿ ಕಾದಿತ್ತು. ಅತ್ಯುತ್ತಮ ಚಿತ್ರಗಾರರಲ್ಲೂ ಕೆಲವರು ಹೀಗೆಯೇ ಇದ್ದರು. 'ದ ಲಿಟಲ್ ಮರ್ಮೇಡ್' ಚಿತ್ರದ ಜಲಕನ್ಯೆಯನ್ನು ರೂಪಿಸಿದ ಗ್ಲೆನ್ ಕೀನ್ ಕೂಡ ಅವರಲ್ಲೊಬ್ಬರು. ಮನಸ್ಸಿನಲ್ಲಿ ಚಿತ್ರವಿಲ್ಲದಿದ್ದರೂ ಅವರು ಕಾಗದದ ಮೇಲೆ ಗೆರೆ ಹಾಕುತ್ತ, ಅಳಿಸುತ್ತ, ಮತ್ತೆ ಹಾಕುತ್ತ ಅದನ್ನು ಹುಡುಕಿ ತೆಗೆಯುತ್ತಿದ್ದರು.

ಹಾಗಾದರೆ 'ಇವನಿಗೆ ಚಿತ್ರ ಹುಟ್ಟಿನಿಂದ ಬಂದಿದೆ, ಇವಳಿಗೆ ಬಂದಿಲ್ಲ' ಎಂದು ನಾವು ಹತ್ತು ವರ್ಷದ ಮಕ್ಕಳ ಮೇಲೆ ಮುದ್ರೆ ಒತ್ತುವುದಕ್ಕೆ ಅರ್ಥವಿದೆಯೆ?

ದಾರಿ ಯಾವುದು?

ಇಂದು ನಮ್ಮಲ್ಲೂ ದಾರಿಗಳಿವೆ. ಐಐಟಿ ಮುಂಬೈನಲ್ಲಿ ವಿನ್ಯಾಸ ಕೇಂದ್ರ ಆರಂಭವಾದದ್ದು 1969ರಲ್ಲೇ. ವಿನ್ಯಾಸ ಪದವಿಗೆ ಪ್ರವೇಶ ಕೊಡುವ 'ಯೂಸೀಡ್' ಪರೀಕ್ಷೆಯನ್ನು ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಬರೆಯಬಹುದು. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಕೈಯನ್ನು ಪಳಗಿಸುತ್ತವೆ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು. ಆದರೆ ಒಂದು ಮಾತು. ಸಾಫ್ಟ್‌ವೇರಿನ ಗುಂಡಿ ಒತ್ತಲು ಆರು ತಿಂಗಳಲ್ಲಿ ಕಲಿಯಬಹುದು, ಆ ಗುಂಡಿಯ ಹಿಂದಿನ ಗಣಿತವನ್ನಾಗಲಿ, ಎದುರಿನ ಮನುಷ್ಯನ ನಡಿಗೆಯನ್ನಾಗಲಿ ಅಷ್ಟು ಬೇಗ ಕಲಿಯಲಾಗದು. ಸಾಫ್ಟ್‌ವೇರ್ ಮೂರು ವರ್ಷಕ್ಕೆ ಹಳತಾಗುತ್ತದೆ. ತ್ರಿಕೋನಮಿತಿ ಹಳತಾಗುವುದಿಲ್ಲ, ನೋಡುವ ಕಣ್ಣೂ ಹಳತಾಗುವುದಿಲ್ಲ.

ಪಿಕ್ಸಾರ್ ಕಂಪನಿಯೊಳಗೆ ನೌಕರರಿಗಾಗಿ ಒಂದು ಶಾಲೆ ಇಟ್ಟಿದ್ದರು. ಅದರಲ್ಲಿ ಚಿತ್ರಕಲೆಯ ತರಗತಿ ಎಲ್ಲರಿಗೂ ತೆರೆದಿತ್ತು. ಪ್ರೋಗ್ರಾಮ್ ಬರೆಯುವವರು, ಲೆಕ್ಕಪತ್ರ ನೋಡುವವರು ಕೂಡ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಗುಮಾಸ್ತನಿಗೆ ಚಿತ್ರವೇಕೆ ಎಂದರೆ ಕ್ಯಾಟ್‌ಮಲ್ ಕೊಡುತ್ತಿದ್ದ ಕಾರಣ ಸರಳ: ಚಿತ್ರದ ತರಗತಿ ಕಲಿಸುವುದು ಬರೆಯುವುದನ್ನಲ್ಲ, ನೋಡುವುದನ್ನು. ಕುರ್ಚಿ ಬರೆಯಲು ಹೊರಟವನು ತನಗೆ ಗೊತ್ತಿರುವ ಕುರ್ಚಿಯನ್ನು ಬಿಟ್ಟು ಎದುರಿಗಿರುವ ಕುರ್ಚಿಯನ್ನು ನೋಡಲು ಕಲಿಯಬೇಕು. ಪ್ರಯೋಗಾಲಯದಲ್ಲಿ ವಿಜ್ಞಾನ ಕಲಿಸುವುದೂ ಇದನ್ನೇ ಅಲ್ಲವೆ?

ಪರೀಕ್ಷೆ ಹತ್ತಿರ ಬಂದಾಗ ಎಷ್ಟೋ ಶಾಲೆಗಳಲ್ಲಿ ಮೊದಲು ಬಲಿಯಾಗುವುದು ಡ್ರಾಯಿಂಗ್ ಪೀರಿಯಡ್. ಅದನ್ನು ಗಣಿತಕ್ಕೆ ಕೊಡುತ್ತಾರೆ. ಗಣಿತದ ಹಿತದೃಷ್ಟಿಯಿಂದಲೇ ಹೇಳುವುದಾದರೆ, ವಾರಕ್ಕೊಂದು ಬರುವ ಆ ನಲವತ್ತು ನಿಮಿಷವನ್ನು ಹಾಗೆಯೇ ಉಳಿಸುವುದು ಲೇಸು.